ಹುಲ್ಲು ತಿನ್ನದ ಕುದುರೆ



ನಮ್ಮ ಮನೆಯಲ್ಲಿ ಎರಡು ಕುದುರೆಗಳಿವೆ. ಅವು ಹುಲ್ಲು ತಿನ್ನುವುದಿಲ್ಲ, ಹುರುಳಿ ಕೇಳುವುದಿಲ್ಲ. ಓಡುವುದಂತೂ ಇಲ್ಲವೇ ಇಲ್ಲ. ಓಡಿದರೆ ನಮ್ಮಪ್ಪನಿಗೇ ಕಷ್ಟ! ಯಾವ ಕುದುರೆ ಅಂತ ಯೋಚನೆ ಮಾಡ್ತಿದ್ದೀರಾ? ಅದು ಮರ ಕೊಯ್ಯುವಾಗ ಮರವನ್ನು ಹೊತ್ತು ನಿಲ್ಲುವ ಮರದ ಕುದುರೆ. ಇದನ್ನು ನಾನು, ಅಪ್ಪ, ತಾತ ಮೂವರೂ ಸೇರಿ ಮಾಡಿದೆವು. ಹೇಗೆ ಮಾಡಿದೆವು, ಯಾಕೆ ಮಾಡಿದೆವು ಅಂತ ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ. ಪಕ್ಕದಲ್ಲಿ ಚಿತ್ರವನ್ನೂ ಬರೆದು ಅಂಟಿಸಿದ್ದೇನೆ. ಓದುತ್ತಾ ನೋಡಿಕೊಳ್ಳಿ.

ಕುದುರೆ ಅಂದರೇನು?

ಮೇಲೆ ಒಂದು ಗಟ್ಟಿ ತೊಲೆ, ಅದಕ್ಕೆ ಹೊರಗೆ ಚಾಚಿದ ನಾಲ್ಕು ಕಾಲು. ಇಷ್ಟೇ ಕುದುರೆ. ಯಾವಾಗಲೂ ಜೋಡಿಯಾಗಿರುತ್ತದೆ. ಎರಡರ ಮೇಲೆ ಹಲಗೆ ಇಟ್ಟು ಗರಗಸದಲ್ಲಿ ಕೊಯ್ಯುತ್ತಾರೆ. ಇಂಗ್ಲಿಷಿನಲ್ಲೂ ಇದನ್ನು 'ಸಾ ಹಾರ್ಸ್' ಅಂದರೆ ಗರಗಸದ ಕುದುರೆ ಎಂದೇ ಕರೆಯುತ್ತಾರೆ. ಭಾರ ಹೊರುವುದಕ್ಕೆಲ್ಲ ಪ್ರಾಣಿಯ ಹೆಸರು ಇಡುವುದು ಎಲ್ಲಾ ಕಡೆ ಇದೆ ಅಂತ ಕಾಣುತ್ತೆ. ವೀಣೆಯಲ್ಲಿ ತಂತಿಗಳನ್ನು ಹೊತ್ತುಕೊಂಡಿರುವ ಚಿಕ್ಕ ಸೇತುವೆಗೂ ಕುದುರೆ ಅಂತಲೇ ಹೆಸರು. ಚಿತ್ರಗಾರರು ಚಿತ್ರ ನಿಲ್ಲಿಸುವ ಈಸೆಲ್ ಇದೆಯಲ್ಲ, ಆ ಹೆಸರು ಬಂದಿದ್ದು ಡಚ್ ಭಾಷೆಯ ಕತ್ತೆ ಎನ್ನುವ ಪದದಿಂದ!

ನಮಗೆ ಯಾಕೆ ಬೇಕಾಯಿತು?

ನಮ್ಮದು ಮರಗೆಲಸದ ಮನೆ. ಹಿತ್ತಲಿನ ಕೊಟ್ಟಿಗೆಯ ಅರ್ಧ ಭಾಗವೇ ನಮ್ಮ ಕಾರ್ಖಾನೆ. ತಾತ ಚಿಕ್ಕಂದಿನಿಂದ ನೆಲದ ಮೇಲೆ ಕೂತೇ ಕೆಲಸ ಮಾಡಿದವರು. ಕುಕ್ಕರಗಾಲಲ್ಲಿ ಕೂತು, ಮರವನ್ನು ಪಾದದಲ್ಲಿ ಅದುಮಿ ಹಿಡಿದು ಕೊಯ್ಯುತ್ತಾರೆ. ಅವರ ಹಳೇ ಗರಗಸ ತನ್ನ ಕಡೆ ಎಳೆದುಕೊಂಡಾಗ ಕೊಯ್ಯುತ್ತದೆ. ಕೂತು ಮಾಡುವ ಕೆಲಸಕ್ಕೆ ಅದೇ ಸರಿ. ಅಪ್ಪನ ಗರಗಸ ಮುಂದಕ್ಕೆ ತಳ್ಳಿದಾಗ ಕೊಯ್ಯುತ್ತದೆ. ಆದರೂ ಅಪ್ಪ ತಾತನ ಹತ್ತಿರ ಕಲಿತಿದ್ದರಿಂದ ನೆಲದ ಮೇಲೆ ಕೂತೇ ಮಾಡುತ್ತಿದ್ದರು.

ಹೋದ ವರ್ಷ ಮಳೆಗಾಲದಲ್ಲಿ ಅಪ್ಪ ಏಣಿಯಿಂದ ಜಾರಿ ಬಿದ್ದರು. ಎಡಗಾಲಿನ ಮಂಡಿಗೆ ಪೆಟ್ಟಾಯಿತು. ಮೂರು ತಿಂಗಳು ಕೆಲಸವಿಲ್ಲ. ಗಾಯ ವಾಸಿಯಾಯಿತು, ನಡೆಯೋಕೂ ಬಂತು. ಆದರೆ ಕುಕ್ಕರಗಾಲಲ್ಲಿ ಕೂರಬೇಡಿ ಅಂತ ಡಾಕ್ಟರು ಹೇಳಿಬಿಟ್ಟರು. ಅಪ್ಪ ಒಂದು ದಿನ ಹಟ ಮಾಡಿ ಕೂತರು. ಎದ್ದೇಳೋಕೆ ಆಗದೆ ಗೋಡೆ ಹಿಡಿದುಕೊಂಡರು. ಅಮ್ಮ ಏನೂ ಮಾತಾಡದೆ ಒಳಗೆ ಹೋದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅದೇ ವಾರ ನಮ್ಮ ಬೀದಿಯ ಕೊನೆಯಲ್ಲಿ ಮನೆ ಕಟ್ಟಿಸುತ್ತಿದ್ದವರು ಬಂದು, "ವಾಸಗಾಲು ನೀವೇ ಮಾಡಬೇಕು. ಪೂಜೆಗೆ ದಿನ ನೋಡಿಸಿದ್ದೀವಿ, ಒಂದು ತಿಂಗಳಿದೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಪೇಟೆಯಿಂದ ರೆಡಿಮೇಡ್ ತರಿಸ್ತೀವಿ" ಅಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗುತ್ತೆ" ಅಂದುಬಿಟ್ಟರು. ಅವರು ಹೋದ ಮೇಲೆ ನನ್ನನ್ನು ನೋಡಿ, "ಕೂತು ಮಾಡೋಕೆ ಆಗದಿದ್ರೆ ನಿಂತು ಮಾಡೋದು. ನಾಳೆಯಿಂದ ಕುದುರೆ ಕಟ್ಟೋಣ" ಅಂದರು.

ತಾತ ಮಾತ್ರ, "ನೆಲ ಇರೋವಾಗ ಕುದುರೆ ಯಾಕಪ್ಪಾ?" ಅಂತ ಗೊಣಗಿದರು.

ಎತ್ತರ ಎಷ್ಟಿರಬೇಕು?

ಮೊದಲ ಜಗಳ ಎತ್ತರದ್ದೇ. ಸಾಮಾನ್ಯವಾಗಿ ಕುದುರೆಯನ್ನು ಮಂಡಿಚಿಪ್ಪಿನ ಎತ್ತರಕ್ಕೆ ಮಾಡುತ್ತಾರೆ. ಹಾಗಿದ್ದರೆ ಒಂದು ಮಂಡಿಯನ್ನು ಹಲಗೆ ಮೇಲೆ ಊರಿ ಒತ್ತಿ ಹಿಡಿಯಬಹುದು. ಅಪ್ಪನಿಗೆ ಅದು ಸುಮಾರು 20 ಇಂಚು. "ಇಪ್ಪತ್ತೇ ಮಾಡು" ಅಂದರು ತಾತ. ಆದರೆ ಅಪ್ಪ ಮಂಡಿ ಊರುವ ಹಾಗಿಲ್ಲವಲ್ಲ!

ಬಾಯಲ್ಲಿ ವಾದ ಮಾಡುವುದಕ್ಕಿಂತ ಪರೀಕ್ಷೆ ಮಾಡೋಣ ಅಂತ ನಾವು ಇಟ್ಟಿಗೆ, ಹಲಗೆ ಚೂರು ಪೇರಿಸಿ 18, 20, 22, 24, 26 ಇಂಚು ಎತ್ತರದಲ್ಲಿ ಒಂದೊಂದು ಸಲ ಹಲಗೆ ಇಟ್ಟು ನೋಡಿದೆವು. ನಾನು ಇಟ್ಟಿಗೆ ಪೇರಿಸೋದು, ಅಪ್ಪ ಗರಗಸ ಆಡಿಸೋದು. 18ಕ್ಕೆ ತುಂಬಾ ಬಗ್ಗಬೇಕಾಯಿತು. 26ಕ್ಕೆ ಭುಜ ಮೇಲೆ ಎದ್ದಿತು, ಮೈಭಾರ ಗರಗಸದ ಮೇಲೆ ಬೀಳಲಿಲ್ಲ, ಬರೀ ಕೈಯಲ್ಲೇ ತಳ್ಳಬೇಕಾಯಿತು. 24 ಸರಿಹೋಯಿತು. ಇನ್ನೊಂದು ಲಾಭವೂ ಕಂಡಿತು. ಮರವನ್ನು ಅಡ್ಡ ಕೊಯ್ಯುವಾಗ ಗರಗಸವನ್ನು ಸುಮಾರು 45 ಡಿಗ್ರಿ ಓರೆ ಹಿಡಿಯುತ್ತಾರೆ. ಉದ್ದಕ್ಕೆ ಸೀಳುವಾಗ ಸುಮಾರು 60 ಡಿಗ್ರಿ. ಸೀಳುವಾಗ ಗರಗಸ ಹೆಚ್ಚು ನೆಟ್ಟಗಿರುವುದರಿಂದ ಅದರ ತುದಿ ತುಂಬಾ ಕೆಳಗೆ ಹೋಗುತ್ತದೆ. ಕುದುರೆ ಗಿಡ್ಡವಾಗಿದ್ದರೆ ತುದಿ ನೆಲಕ್ಕೆ ಬಡಿಯುತ್ತದೆ. 24ಕ್ಕೆ ಬಡಿಯಲಿಲ್ಲ.

ನೀವು ಮಾಡುವುದಾದರೆ ನಮ್ಮ ಅಳತೆಯನ್ನೇ ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ಕೆಲಸ ಮಾಡುವವರನ್ನು ನಿಲ್ಲಿಸಿ ಅಳೆಯಿರಿ.

ಮರ ಯಾವುದು?

ಹಸಿ ಮರ ಬೇಡವೇ ಬೇಡ. ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ. ಹಸಿಯಲ್ಲಿ ಬಿಗಿಯಾಗಿದ್ದ ಜೋಡಣೆ ಒಣಗಿದ ಮೇಲೆ ಸಡಿಲ ಆಗುತ್ತದೆ. ನಮ್ಮ ಹಳೇ ಕೊಟ್ಟಿಗೆಯ ಮಾಡು ಬಿಚ್ಚಿದಾಗ ಉಳಿದಿದ್ದ ಹಲಸಿನ ತೊಲೆ, ಬೇವಿನ ಜಂತೆ ಇದ್ದವು. ಎಷ್ಟೋ ವರ್ಷ ಒಣಗಿದ ಮರ. ಅದನ್ನೇ ತೆಗೆದೆವು. ಕಾಲಿಗೆ ಗಂಟಿಲ್ಲದ, ಎಳೆ ಉದ್ದಕ್ಕೆ ನೇರವಾಗಿ ಓಡಿರುವ ತುಂಡು ಆರಿಸಬೇಕು. ಗಂಟು ಇದ್ದ ಕಡೆ ಕಾಲು ಮುರಿಯುತ್ತದೆ.

ಹಳೇ ಮರದಲ್ಲಿ ಒಂದು ಕಳ್ಳ ಇರುತ್ತಾನೆ. ಅವನೇ ತುಕ್ಕು ಹಿಡಿದ ಮೊಳೆ! ಗರಗಸಕ್ಕೆ ಸಿಕ್ಕರೆ ಹಲ್ಲು ಹೋಯಿತು. ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿ ಶಾಲೆಯ ಅಯಸ್ಕಾಂತವನ್ನು ಒಂದು ದಿನಕ್ಕೆ ತಂದೆ. ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನವಾಗಿ ಆಡಿಸಿದೆ. ಎಲ್ಲಿ ಅದು ಓಲಾಡಿ ಮರಕ್ಕೆ ಅಂಟಿತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಏಳು ಮೊಳೆ ಸಿಕ್ಕವು! ಆಳದಲ್ಲಿರುವ ಮೊಳೆ ಇದಕ್ಕೆ ಸಿಗುವುದಿಲ್ಲ, ನೆನಪಿರಲಿ.

ಒಂದು ಕುದುರೆಗೆ ಬೇಕಾಗುವ ಸಾಮಾನು

1. ಮೇಲಿನ ತೊಲೆ: ಉದ್ದ 36 ಇಂಚು, ಅಗಲ 4 ಇಂಚು, ದಪ್ಪ 3 ಇಂಚು – 1
2. ಕಾಲು: ಉದ್ದ 27 ಇಂಚು, ಅಗಲ 3 ಇಂಚು, ದಪ್ಪ ಒಂದೂವರೆ ಇಂಚು – 4
3. ಅಡ್ಡಹಲಗೆ: ಉದ್ದ 10 ಇಂಚು, ಅಗಲ 5 ಇಂಚು, ದಪ್ಪ 1 ಇಂಚು – 2
4. ಎರಡೂವರೆ ಇಂಚಿನ ತಿರುಪುಮೊಳೆ, ಮರದ ಅಂಟು

ಹತಾರ: ಗರಗಸ, ಉಳಿ, ಕೊಡತಿ, ಬೈರಿಗೆ, ತಿರುಪುಳಿ, ಮೂಲೆಮಟ್ಟ, ರಸಮಟ್ಟ, ಟೇಪು, ಪೆನ್ಸಿಲ್. ಇದರ ಜೊತೆಗೆ ಹಳೇ ನೋಟ್ ಪುಸ್ತಕದ ರಟ್ಟು. ರಟ್ಟು ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾಲು ಓರೆ ಯಾಕೆ?

ನೆಟ್ಟಗೆ ನಿಂತ ಕಾಲಿದ್ದರೆ ಕುದುರೆ ಪಕ್ಕಕ್ಕೆ ತಳ್ಳಿದ ಕೂಡಲೇ ಮಗುಚುತ್ತದೆ. ನೀವೇ ಎರಡು ಪಾದ ಜೋಡಿಸಿ ನಿಂತು ಗೆಳೆಯನಿಗೆ ತಳ್ಳೋಕೆ ಹೇಳಿ, ಆಮೇಲೆ ಕಾಲು ಅಗಲಿಸಿ ನಿಂತು ತಳ್ಳಿಸಿಕೊಳ್ಳಿ. ವ್ಯತ್ಯಾಸ ಗೊತ್ತಾಗುತ್ತೆ. ಗುರುತ್ವ ಕೇಂದ್ರದಿಂದ ಕೆಳಗೆ ಎಳೆದ ಗೆರೆ ಕಾಲುಗಳ ನಡುವೆ ಬೀಳುವ ತನಕ ವಸ್ತು ಬೀಳುವುದಿಲ್ಲ. ಕಾಲು ಅಗಲಿಸಿದಷ್ಟೂ ಆ ಗೆರೆ ಹೊರಗೆ ಹೋಗೋದು ಕಷ್ಟ. ಹಾಗಂತ ತುಂಬಾ ಅಗಲಿಸಿದರೆ ಕೆಲಸ ಮಾಡುವವರ ಕಾಲಿಗೆ ತೊಡರುತ್ತದೆ.

ನಾವು ಪಕ್ಕಕ್ಕೆ 4 ಇಂಚಿಗೆ 1 ಇಂಚು, ಉದ್ದಕ್ಕೆ 8 ಇಂಚಿಗೆ 1 ಇಂಚು ಓರೆ ಇಟ್ಟೆವು. ಅಂದರೆ 24 ಇಂಚು ಕೆಳಗೆ ಇಳಿಯುವಷ್ಟರಲ್ಲಿ ಕಾಲು ಪಕ್ಕಕ್ಕೆ 6 ಇಂಚು, ತುದಿ ಕಡೆಗೆ 3 ಇಂಚು ಹೋಗುತ್ತದೆ.

ಹಾಗಾದರೆ ಕಾಲಿನ ನಿಜವಾದ ಉದ್ದ ಎಷ್ಟು? ಇಲ್ಲಿ ನಮ್ಮ ಗಣಿತ ಪುಸ್ತಕದ ಪೈಥಾಗೊರಸ್ ಬಂದರು! ಓರೆ ಎರಡು ಕಡೆಗೆ ಇರುವುದರಿಂದ ಮೂರು ವರ್ಗಗಳನ್ನು ಕೂಡಬೇಕು. 24ರ ವರ್ಗ 576, 6ರ ವರ್ಗ 36, 3ರ ವರ್ಗ 9. ಕೂಡಿದರೆ 621. 25ರ ವರ್ಗ 625. ಹಾಗಾಗಿ ಕಾಲಿನ ಉದ್ದ 25 ಇಂಚಿಗೆ ಒಂದು ಕೂದಲೆಳೆ ಕಡಿಮೆ. ಮೇಲೊಂದು ಕೆಳಗೊಂದು ಇಂಚು ಆಮೇಲೆ ಸವರೋಕೆ ಬೇಕು ಅಂತ 27 ಇಟ್ಟೆವು. ನಾನು ಲೆಕ್ಕ ಹೇಳಿದಾಗ ತಾತ ದಾರ ಹಿಡಿದು ಓರೆಗೆ ಎಳೆದು ಅಳೆದರು. "ಇಪ್ಪತ್ತೈದು. ನಿನ್ನ ಪುಸ್ತಕ ಸುಳ್ಳು ಹೇಳಲ್ಲ" ಅಂದರು. ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಷ್ಟು ಖುಷಿಯಾಯಿತು.

ಮಾಡುವ ಕ್ರಮ

ಒಂದು: ರಟ್ಟಿನಲ್ಲಿ ಎರಡು ತ್ರಿಕೋನ ಕತ್ತರಿಸಿಕೊಳ್ಳಿ. ಒಂದು 8 ಇಂಚು ಎತ್ತರ, 2 ಇಂಚು ಅಗಲ. ಇನ್ನೊಂದು 8 ಇಂಚು ಎತ್ತರ, 1 ಇಂಚು ಅಗಲ. ಇವೇ ನಮ್ಮ ಓರೆಯ ಅಳತೆಗೋಲು. ಎಲ್ಲಾ ಓರೆ ಗೆರೆಗಳನ್ನೂ ಇವನ್ನಿಟ್ಟೇ ಎಳೆಯಬೇಕು.

ಎರಡು: ತೊಲೆಯ ಎರಡೂ ತುದಿಯಿಂದ 4 ಇಂಚು ಒಳಗೆ, ಪಕ್ಕದ ಮೈಯಲ್ಲಿ 3 ಇಂಚು ಅಗಲದ ಕಚ್ಚು ಗುರುತು ಮಾಡಿ. ಕಚ್ಚಿನ ಎರಡು ಗೆರೆಗಳೂ ಕೆಳಗೆ ಹೋಗುತ್ತಾ ತೊಲೆಯ ತುದಿಯ ಕಡೆಗೆ ಓರೆಯಾಗಿರಬೇಕು. ಹೀಗೆ ನಾಲ್ಕು ಕಚ್ಚು.

ಮೂರು: ಕಚ್ಚಿನ ಆಳ ಮೇಲೆ 1 ಇಂಚು, ಕೆಳಗೆ ಕಾಲು ಇಂಚು. ಮೇಲೆ ಆಳ, ಕೆಳಗೆ ತೆಳು. 3 ಇಂಚು ದಪ್ಪದಲ್ಲಿ ಮುಕ್ಕಾಲು ಇಂಚು ವ್ಯತ್ಯಾಸ, ಅಂದರೆ ಸರಿಯಾಗಿ 4ಕ್ಕೆ 1. ಇದರಿಂದಲೇ ಕಾಲು ತಾನಾಗಿ ಹೊರಕ್ಕೆ ಚಾಚಿಕೊಳ್ಳುತ್ತದೆ. ಎರಡು ಬದಿಯ ಗೆರೆಯನ್ನು ಗರಗಸದಲ್ಲಿ ಕೊಯ್ದು ನಡುವಿನ ಮರವನ್ನು ಉಳಿಯಲ್ಲಿ ತೆಗೆಯಿರಿ.

ನಾಲ್ಕು: ಕಾಲನ್ನು ಕಚ್ಚಿಗೆ ಕೂರಿಸಿ ನೋಡಿ. ತೊಲೆಯ ಮೇಲೆ ಒಂದು ಇಂಚು ಎದ್ದಿರಲಿ. ಅಲುಗಾಡಬಾರದು, ಸುತ್ತಿಗೆಯಲ್ಲಿ ಬಡಿದು ತುರುಕುವಷ್ಟು ಬಿಗಿಯೂ ಬೇಡ. ಕೊಡತಿಯಲ್ಲಿ ಮೆಲ್ಲಗೆ ತಟ್ಟಿದರೆ ಕೂರಬೇಕು.

ಐದು: ಬೈರಿಗೆಯಲ್ಲಿ ಮೊದಲು ತೂತು ಮಾಡಿಯೇ ತಿರುಪುಮೊಳೆ ಹಾಕಿ. ಇಲ್ಲದಿದ್ದರೆ ಒಣಮರ ಸೀಳುತ್ತದೆ. ತಿರುಪಿಗೆ ಸೋಪು ಸವರಿದರೆ ಸಲೀಸಾಗಿ ಇಳಿಯುತ್ತದೆ. ಒಂದು ಕಾಲಿಗೆ ಎರಡು ತಿರುಪು. ಎದುರು ಬದಿಯ ತಿರುಪುಗಳು ಒಳಗೆ ಡಿಕ್ಕಿ ಹೊಡೆಯದಂತೆ ಮೇಲೆ ಕೆಳಗೆ ಮಾಡಿ ಹಾಕಬೇಕು. ಮೇಲಿನ ಒಂದು ಇಂಚಿನೊಳಗೆ ಯಾವ ಕಬ್ಬಿಣವೂ ಇರಬಾರದು. ಮುಂದೆ ಗರಗಸ ಅಲ್ಲಿಗೆ ಬರುತ್ತದೆ.

ಆರು: ಅಡ್ಡಹಲಗೆಯನ್ನು ತೊಲೆಯ ಕೆಳಗೆ, ತುದಿಯ ಕಡೆಯಿಂದ ಎರಡು ಕಾಲಿಗೂ ಸೇರಿಸಿ ತಿರುಪು ಹಾಕಿ. ಇದರ ಮೇಲಂಚು ತೊಲೆಯ ಹೊಟ್ಟೆಗೆ ತಾಗಿಕೊಂಡಿರಬೇಕು. ಸಂದು ಇರಕೂಡದು. ಯಾಕೆಂದರೆ ಭಾರ ಬಿದ್ದಾಗ ತೊಲೆ ಕೆಳಗೆ ಜಾರಿ ಕಾಲುಗಳನ್ನು ಅಗಲಿಸೋಕೆ ನೋಡುತ್ತದೆ. ಅದನ್ನು ತಡೆಯುವುದು ಈ ಹಲಗೆಯೇ. ಕಾಲಿಗೆ ಎರಡು ಕಡೆ ಓರೆ ಇರುವುದರಿಂದ ಹಲಗೆ ಮೊದಲ ಸಲಕ್ಕೇ ಚಪ್ಪಟೆಯಾಗಿ ಕೂರುವುದಿಲ್ಲ. ಅಪ್ಪ ಉಳಿಯಲ್ಲಿ ಸ್ವಲ್ಪ ಸವರಿ ಸರಿ ಮಾಡಿದರು. ಆಮೇಲೆ ಹಲಗೆಯ ಹೊರಚಾಚಿದ ತುದಿಗಳನ್ನು ಕಾಲಿನ ಓರೆಗೆ ಕೊಯ್ದರು. ತೊಲೆಯ ಮೇಲೆ ಎದ್ದಿದ್ದ ಕಾಲಿನ ತಲೆಗಳನ್ನೂ ಸಮಕ್ಕೆ ಕೊಯ್ದರು.

ಪಾದಗಳು ತೊಲೆಯ ತುದಿಗಿಂತ 1 ಇಂಚು ಒಳಗೇ ಬರುತ್ತವೆ. ಹಾಗಾಗಿ ತುದಿಯ ಕಡೆ ನಿಂತು ಕೆಲಸ ಮಾಡುವಾಗ ಎಡವುವುದಿಲ್ಲ. ಅಪ್ಪನ ಮಂಡಿಗೆ ಇದು ಮುಖ್ಯ ನೋಡಿ.

ನಾನು ಮಾಡಿದ ತಪ್ಪು

ಇದನ್ನು ಬರೆಯೋದೋ ಬೇಡವೋ ಅಂತ ಯೋಚಿಸಿದೆ. ಬರೆದೇಬಿಡುತ್ತೇನೆ. ಎರಡನೇ ಕುದುರೆಯ ಒಂದು ಕಚ್ಚನ್ನು ಅಪ್ಪ ನನಗೆ ಬಿಟ್ಟುಕೊಟ್ಟರು. ನಾನು ಗೆರೆ ಎಳೆದೆ, ಅಪ್ಪ ಹಿಂದೆ ನಿಂತಿದ್ದಾಗ ನಾನೇ ಕೊಯ್ದೆ. ಗೆರೆ ಬಿಟ್ಟು ಒಂಚೂರೂ ಹೋಗಲಿಲ್ಲ. ಅಪ್ಪ "ಭೇಷ್" ಅಂದರು. ಆಗ ತಾತ ಬಂದರು. ಅವರಿಗೆ ಈಗ ಹತ್ತಿರದ್ದು ಸರಿಯಾಗಿ ಕಾಣಲ್ಲ. ಕಚ್ಚಿನೊಳಗೆ ಬೆರಳು ಆಡಿಸಿ, "ಮಗಾ, ಈ ಕುದುರೆ ಒಂದು ಕಾಲು ಒಳಗೆ ಹಾಕ್ಕೊಂಡು ನಿಲ್ಲುತ್ತಾ?" ಅಂತ ಕೇಳಿದರು.

ನೋಡಿದರೆ ರಟ್ಟಿನ ತ್ರಿಕೋನವನ್ನು ತಿರುಗಾಮುರುಗಾ ಇಟ್ಟಿದ್ದೆ! ತುದಿಯ ಕಡೆ ಹೋಗಬೇಕಾದ ಓರೆ ನಡುವಿನ ಕಡೆ ಹೋಗಿತ್ತು. ಆ ದಪ್ಪದ ತೊಲೆ ನಮ್ಮಲ್ಲಿ ಮತ್ತೊಂದು ಇರಲಿಲ್ಲ. ವಾಸಗಾಲಿನ ದಿನ ಬೇರೆ ಹತ್ತಿರ ಬರುತ್ತಿತ್ತು. ನನಗೆ ಅಳು ಬಂತು. ಅಪ್ಪ ಬೈಯಲಿಲ್ಲ. "ನಾನೂ ನೋಡಲಿಲ್ಲವಲ್ಲ" ಅಂದರು. ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ತಾತನೇ ದಾರಿ ತೋರಿಸಿದರು. ತುದಿಯ ಕಡೆಯ ಗೆರೆಯನ್ನು ಸರಿಯಾದ ಓರೆಗೆ ಮತ್ತೆ ಕೊಯ್ದೆವು. ಆಗ ನಡುವಿನ ಕಡೆ ಉಳಿದ ಸಂದಿಗೆ ಒಂದು ಬೆಣೆ ಮಾಡಿ, ಅಂಟು ಸವರಿ ಕೂರಿಸಿದೆವು. ಮೇಲೆ ಸೂಜಿ ಮೊನೆ, ಕೆಳಗೆ ಮುಕ್ಕಾಲು ಇಂಚು ದಪ್ಪದ ಬೆಣೆ. ಎರಡು ದಿನ ಹಾಗೇ ಒಣಗಲು ಬಿಟ್ಟೆವು. ಆ ಕಾಲು ಈಗ ಉಳಿದ ಕಾಲುಗಳಷ್ಟೇ ಗಟ್ಟಿ. ಆದರೆ ಬೆಣೆ ಬೇವಿನದು, ತೊಲೆ ಹಲಸಿನದು. ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ.

ಇದರಿಂದ ಕಲಿತಿದ್ದು: ಗೆರೆ ಎಳೆಯುವ ಮೊದಲು ಹತ್ತಿರದ ತುದಿಯ ಕಡೆಗೆ ಒಂದು ಬಾಣದ ಗುರುತು ಹಾಕಬೇಕು. ಓರೆ ಬಾಣದ ಕಡೆಗೇ ಇಳಿಯಬೇಕು.

ಕುಂಟು ತೆಗೆಯುವುದು

ಮೂರು ಕಾಲಿನ ಮಣೆ ಎಂಥ ಅಂಕುಡೊಂಕು ನೆಲದಲ್ಲೂ ಕುಂಟುವುದಿಲ್ಲ. ಯಾಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಇರುತ್ತವೆ. ನಾಲ್ಕನೇ ಕಾಲು ಬಂತೋ ತಕರಾರು ಬಂತು. ಕುಂಟುವ ಕಾಲನ್ನು ಅಂದಾಜಿಗೆ ಕೊಯ್ಯೋಕೆ ಹೋದರೆ ಇನ್ನೊಂದು ಉದ್ದ ಆಗುತ್ತದೆ, ಅದನ್ನು ಕೊಯ್ದರೆ ಮತ್ತೊಂದು. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ಕತೆ ಆಗುತ್ತದೆ!

ಸರಿಯಾದ ದಾರಿ ಇದು. ಕುದುರೆಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ. ನಮ್ಮ ಕೊಟ್ಟಿಗೆ ಮಣ್ಣುನೆಲವಾದ್ದರಿಂದ ನಡುಮನೆಯ ಸಿಮೆಂಟು ನೆಲಕ್ಕೆ ಹೊತ್ತು ತಂದೆವು. "ಕುದುರೆ ಮನೆಯೊಳಗೇ ಬಂತಾ?" ಅಂತ ಅಮ್ಮ ನಕ್ಕರು. ಎಷ್ಟೋ ದಿನಕ್ಕೆ ಅಮ್ಮ ನಕ್ಕಿದ್ದು. ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರುವ ತನಕ ಪಾದದ ಕೆಳಗೆ ತೆಳು ಚೆಕ್ಕೆ ಇಡಬೇಕು. ಆಗ ನೆಲದಿಂದ ಮೇಲಿನವರೆಗೆ ಅಳೆದರೆ 25 ಇಂಚು ಬಂತು. ನಮಗೆ ಬೇಕಾದ್ದು 24. ಹಾಗಾಗಿ 1 ಇಂಚು ದಪ್ಪದ ಮರದ ತುಂಡನ್ನು ನೆಲದ ಮೇಲಿಟ್ಟು, ಅದರ ಮೇಲೆ ಪೆನ್ಸಿಲ್ ಊರಿ ನಾಲ್ಕೂ ಪಾದಗಳ ಸುತ್ತ ಗೆರೆ ಎಳೆದೆವು. ಆ ಗೆರೆಗೆ ಕೊಯ್ದ ಮೇಲೆ ಕುದುರೆ ಕಚ್ಚಿಕೊಂಡ ಹಾಗೆ ನಿಂತಿತು. ಪಾದದ ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿದೆ.

ಮೊದಲು ಹತ್ತಿ ಕೂತು ಪರೀಕ್ಷೆ ಮಾಡಿದ್ದು ತಾತ!

ಬಳಸುವ ವಿಧಾನ

ಹಲಗೆಯನ್ನು ಎರಡು ಕುದುರೆಗಳ ನಡುವೆ ಕೊಯ್ಯಬಾರದು. ಕೊಯ್ಯುತ್ತಾ ಹೋದಂತೆ ಹಲಗೆ ನಡುವಿನಲ್ಲಿ ಬಾಗಿ, ಕೊಯ್ದ ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಕುದುರೆಯ ಹೊರಗೆ ಚಾಚಿದ ಭಾಗದಲ್ಲಿ ಕೊಯ್ದರೆ ಸೀಳು ಬಾಯಿ ಬಿಡುತ್ತದೆ, ಗರಗಸ ಸಲೀಸಾಗಿ ಓಡುತ್ತದೆ. ಕೊನೆಯಲ್ಲಿ ಬೀಳುವ ತುಂಡನ್ನು ಯಾರಾದರೂ ಕೈಯಲ್ಲಿ ಹಿಡಿದಿರಬೇಕು. ಇಲ್ಲದಿದ್ದರೆ ತುಂಡಿನ ಭಾರಕ್ಕೆ ಎಳೆ ಕಿತ್ತು ಬರುತ್ತದೆ.

ಅಪ್ಪ ಮಂಡಿ ಊರುವಂತಿಲ್ಲವಾದ್ದರಿಂದ ಹಲಗೆಯನ್ನು ಹಿಡಿಯುವವರು ಬೇಕು. ತೆಳು ಹಲಗೆಯಾದರೆ ಇನ್ನೊಂದು ತುದಿಯಲ್ಲಿ ನಾನು ಕೂರುತ್ತೇನೆ. ನಿಜವಾಗಿಯೂ ಕುದುರೆ ಸವಾರಿ! ನಾನು ಶಾಲೆಗೆ ಬಂದಾಗ ಕಬ್ಬಿಣದ ಕ್ಲ್ಯಾಂಪು ಹಾಕಿಕೊಳ್ಳುತ್ತಾರೆ.

ಎಚ್ಚರಿಕೆ: ಗರಗಸ, ಉಳಿ ಆಟದ ಸಾಮಾನಲ್ಲ. ದೊಡ್ಡವರು ಪಕ್ಕದಲ್ಲಿ ಇಲ್ಲದೆ ಮುಟ್ಟಬೇಡಿ. ಉಳಿಯ ಮುಂದೆ ಕೈ ಇಡಬೇಡಿ.

ಕೊನೆಗೆ

ಪೂಜೆಗೆ ಎರಡು ದಿನ ಇರುವಾಗಲೇ ವಾಸಗಾಲು ಮುಗಿಯಿತು. ಅಪ್ಪ ಪೂರ್ತಿ ಕೆಲಸವನ್ನು ನಿಂತೇ ಮಾಡಿದರು. ಸಂಜೆ ಹೊತ್ತಿಗೆ ಕಾಲು ನೋಯುತ್ತಿತ್ತು, ಅಮ್ಮ ಬಿಸಿನೀರು ಕಾಯಿಸಿ ಕೊಡುತ್ತಿದ್ದರು. ಆದರೆ ಗೋಡೆ ಹಿಡಿದುಕೊಂಡು ಏಳುವ ಪರಿಸ್ಥಿತಿ ಬರಲಿಲ್ಲ. ವಾಸಗಾಲು ನಿಲ್ಲಿಸಿದ ದಿನ ಆ ಮನೆಯವರು ಅಪ್ಪನಿಗೆ ಎಲೆ ಅಡಿಕೆ, ಪಂಚೆ ಕೊಟ್ಟರು. ಬಾಗಿಲುಗಳನ್ನೂ ನೀವೇ ಮಾಡಿ ಅಂತ ಹೇಳಿದರು.

ಹೋದ ಭಾನುವಾರ ತಾತ ನನ್ನನ್ನು ಕರೆದರು. ನಿಂತುಕೊಂಡು ತಮ್ಮ ಕಾಲಿನ ಪಕ್ಕದಲ್ಲಿ ಕೈಯಿಂದ ಅಳೆದು ತೋರಿಸಿದರು. "ಎರಡು ಗೇಣು. ಇಷ್ಟು ಎತ್ತರದ್ದು ಒಂದು ಮಾಡು ಮಗಾ. ನನಗೂ ನೆಲ ಈಚೆಗೆ ದೂರ ಆಗ್ತಾ ಇದೆ" ಅಂದರು.

ಎರಡು ಗೇಣು ಅಂದರೆ ಸುಮಾರು 18 ಇಂಚು. ಕಾಲಿನ ಉದ್ದ ಎಷ್ಟು ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ ನೋಡಿ. ನಾನು ತೊಲೆ ಆರಿಸಿಟ್ಟಿದ್ದೇನೆ. ಈ ಸಲ ಬಾಣದ ಗುರುತು ಮೊದಲೇ ಹಾಕಿದ್ದೇನೆ.

ಇಂತಿ ನಿಮ್ಮ ಗೆಳೆಯ,
7ನೇ ತರಗತಿ